ಮುಂಬಾಗಿಲು ಬದಲಿಸಿದ ದಿನಚರಿ: ಯಾವ ಮಾಲು, ಯಾಕೆ, ಎಲ್ಲೆಲ್ಲಿ ಎಡವಿದೆ

ಕಳೆದ ಭಾನುವಾರ ನಮ್ಮ ಮನೆಯ ಮುಂಬಾಗಿಲು ಕೊನೆಗೂ ಒಂದೇ ಬೆರಳಿಗೆ ತೆರೆದುಕೊಂಡಿತು. ಮೊದಲಿದ್ದ ಬಾಗಿಲಿಗೆ ಭುಜ ಕೊಡಬೇಕಿತ್ತು. ಈ ಎರಡರ ನಡುವೆ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಗಿದೆ. ಅದರಲ್ಲಿ ನಿಜವಾದ ಕೆಲಸ ಮೂರು ವಾರದ್ದು. ಉಳಿದದ್ದೆಲ್ಲ ತಪ್ಪು ಮಾಡಿದ್ದು, ಕಾದದ್ದು, ಅಂಗಡಿ ಸುತ್ತಿದ್ದು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಳತೆಗಳನ್ನು ಗೀಚಿಟ್ಟುಕೊಂಡಿದ್ದೆ. ಅದನ್ನೇ ನೋಡಿಕೊಂಡು ಇಲ್ಲಿ ಇಳಿಸುತ್ತಿದ್ದೇನೆ.

ಹಂತ 1: ಹಳೇ ಬಾಗಿಲು (ಮೊದಲ ತಿಂಗಳು, ಮಳೆಗಾಲ)

ಹಳೇದು ಫ್ಲಶ್ ಬಾಗಿಲು, ಅಂದರೆ ಒಳಗೆ ಮರದ ತುಂಡು, ಎರಡೂ ಕಡೆ ತೆಳು ಪದರ ಅಂಟಿಸಿ ಮಾಡಿದ ಸಪಾಟು ಬಾಗಿಲು. 2060 ಮಿ.ಮೀ. ಎತ್ತರ, 960 ಅಗಲ, 32 ದಪ್ಪ. ಮುಖ ಪಶ್ಚಿಮಕ್ಕೆ. ಮೇಲೆ ಸಜ್ಜಾ ಇದೆ ಅನ್ನುವುದಕ್ಕೆ ಇದೆ, ಗೋಡೆಯಿಂದ ಮುಂದೆ ಬಂದಿರುವುದು ಬರೀ 450 ಮಿ.ಮೀ. ಮಳೆ ಹಿಡಿದರೆ ಸಾಕು, ಬಾಗಿಲು ಬೀಗದ ಕಡೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು.

ನಾನು ಮಾಡಿದ ಮೊದಲ ಕೆಲಸವೇ ಮೊದಲ ತಪ್ಪು. ಮಳೆ ಸುರಿಯುತ್ತಿರುವಾಗಲೇ ಬಾಗಿಲನ್ನು ಕಳಚಿ, ಕೀಸುಳಿಯಿಂದ ಅಂಚನ್ನು 3 ಮಿ.ಮೀ. ಕೀಸಿದೆ. ಅವತ್ತು ಸಲೀಸಾಗಿ ಮುಚ್ಚಿತು. ಮೂರು ತಿಂಗಳು ಬಿಟ್ಟು ಒಣ ಹವೆ ಬಂದಾಗ ಮರ ತನ್ನ ಪಾಡಿಗೆ ಕುಗ್ಗಿತು. ಸಂದಿಯಲ್ಲಿ ಪೆನ್ಸಿಲ್ ತೂರುವಷ್ಟು ಜಾಗ, ಅಳೆದರೆ 7 ಮಿ.ಮೀ. ಬೆಳಗ್ಗೆ ಹೊರಗಿನ ಬೆಳಕು ಒಂದು ಗೆರೆಯ ಹಾಗೆ ನೆಲದ ಮೇಲೆ ಬೀಳುತ್ತಿತ್ತು. ಒದ್ದೆಯಲ್ಲಿ ಊದಿದ ಮರವನ್ನು ಒದ್ದೆಯಲ್ಲೇ ಕೀಸಬಾರದು. ತಡೆಯಲಾಗದಿದ್ದರೆ 1 ಮಿ.ಮೀ. ತೆಗೆದು ಸುಮ್ನೆ ಇರಬೇಕು.

ಹಂತ 2: ಬುಡ ಕತ್ತರಿಸಿ ಕಟ್ಟಿದ್ದು (ನಾಲ್ಕನೇ ತಿಂಗಳು)

ಬಾಗಿಲಿನ ಬುಡದಲ್ಲಿ ಮೇಲಿನ ತೆಳು ಪದರ ಬಾಯಿ ಬಿಡುತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿಗೆ ಚುಚ್ಚಿದ ಹಾಗೆ 40 ಮಿ.ಮೀ. ಒಳಗೆ ಹೋಯಿತು. ಮೇಲೆಲ್ಲ ಗಟ್ಟಿ, ಬಣ್ಣವೂ ಚೆನ್ನಾಗಿಯೇ ಇದೆ. ಹಾಗಾದರೆ ನೀರು ಎಲ್ಲಿಂದ ಹೋಯಿತು?

ಮೊಬೈಲಿನ ಕ್ಯಾಮೆರಾ ಮೇಲ್ಮುಖ ಮಾಡಿ ಬಾಗಿಲಿನ ಕೆಳಗೆ ತೂರಿಸಿದೆ. ಫೋಟೋದಲ್ಲಿ ಕಂಡದ್ದು ಬೂದು ಬಣ್ಣಕ್ಕೆ ತಿರುಗಿದ ಹಸಿ ಮರ. ಒಂದು ಹನಿ ಬಣ್ಣ ಕೂಡ ಇಲ್ಲ. ಬಾಗಿಲಿಗೆ ಆರು ಮುಖ. ಎದುರಿನದು, ಹಿಂದಿನದು, ಎರಡು ಪಕ್ಕ. ಈ ನಾಲ್ಕಕ್ಕೆ ಮೂರು ಸಲ ಬಣ್ಣ ಬಳಿದಿದ್ದೆವು. ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಯಾರೂ ಮುಟ್ಟಿಯೇ ಇರಲಿಲ್ಲ. ಮರದ ಕೊಯ್ದ ತುದಿ ಅಂದರೆ ಸಣ್ಣ ಕೊಳವೆಗಳ ಕಟ್ಟು ಇದ್ದ ಹಾಗೆ, ನೀರನ್ನು ತಾನೇ ಮೇಲಕ್ಕೆ ಹೀರುತ್ತದೆ.

ಬುಡದಿಂದ 60 ಮಿ.ಮೀ. ಗರಗಸದಲ್ಲಿ ತೆಗೆದೆ. ಅಷ್ಟೇ ಎತ್ತರದ ಗಟ್ಟಿ ಮರದ ಪಟ್ಟಿಯನ್ನು ಎಪಾಕ್ಸಿ ಅಂಟು ಹಾಕಿ, ಎಂಟು ಸ್ಕ್ರೂ ಕೊಟ್ಟು ಕೂರಿಸಿದೆ. ಒಂದು ಪೂರ್ತಿ ಶನಿವಾರ, ಭಾನುವಾರದ ಅರ್ಧ ದಿನ. ಬಣ್ಣ ಬಳಿದ ಮೇಲೆ ಜೋಡಣೆ ಎಲ್ಲಿದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಚೆಂದ.

ಮೂರೂವರೆ ತಿಂಗಳು ಬಾಳಿತು. ಬಿಸಿಲು ಏರುತ್ತಿದ್ದ ಹಾಗೆ ಜೋಡಣೆಯ ಗೆರೆ ಬಿಟ್ಟಿತು. ಎಪಾಕ್ಸಿಯದೇನೂ ತಪ್ಪಿಲ್ಲ, ಹೊಸ ಪಟ್ಟಿಗೆ ಅದು ಕಲ್ಲಿನ ಹಾಗೆ ಅಂಟಿತ್ತು. ಅದರ ಮೇಲಿನ ಹಳೇ ಮರವೇ ಪುಡಿಯಾಗಿ ಕಳಚಿತ್ತು. ಬೆರಳಿನ ಗೆಣ್ಣಿನಿಂದ ಬಾಗಿಲನ್ನು ತಟ್ಟುತ್ತಾ ಮೇಲೆ ಹೋದೆ. ಬುಡದಿಂದ 300 ಮಿ.ಮೀ. ವರೆಗೂ ಟೊಳ್ಳು ಸದ್ದು. ಒಳಗಿನ ಅಂಟು ಅಷ್ಟೆತ್ತರಕ್ಕೆ ಸತ್ತುಹೋಗಿದೆ ಅಂತ ಅರ್ಥ. ಈ ತಟ್ಟಿ ನೋಡುವ ಕೆಲಸ ಗರಗಸ ಹಿಡಿಯುವ ಮೊದಲು ಆಗಬೇಕಿತ್ತು. ಎರಡು ನಿಮಿಷದ ಕೆಲಸ.

ಹೊಸ ಬಾಗಿಲು ಅಂತ ತೀರ್ಮಾನವಾಯಿತು.

ಹಂತ 3: ಅಂಗಡಿಗೆ ಹೋಗುವ ಮೊದಲು ಗೋಡೆ ಅಳೆದದ್ದು (ಎಂಟನೇ ತಿಂಗಳು)

ಹಳೇ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ 100 ಮಿ.ಮೀ. ಗೆ ಒಂದರಂತೆ ಗೆರೆ ಎಳೆದೆ. ಒಂದು ದಿನ ಹೊತ್ತಲ್ಲದ ಹೊತ್ತಲ್ಲಿ ಗಾಳಿಮಳೆ ಬಂತು. ನಿಂತ ಮೇಲೆ ನೋಡಿದರೆ 700 ರ ಗೆರೆಯವರೆಗೆ ಸುಣ್ಣ ತೊಳೆದುಹೋಗಿತ್ತು. ಅದರ ಮೇಲಿನದು ಹಾಗೇ ಇತ್ತು. ಅಂದರೆ ನನ್ನ ಬಾಗಿಲು ನೆನೆಯುವುದು ಕೆಳಗಿನ ಮೂರನೇ ಒಂದು ಭಾಗ.

ಬಿಸಿಲಿಗೆ ಒಂದು ಥರ್ಮಾಮೀಟರ್. ಮಧ್ಯಾಹ್ನ ಮೂರೂವರೆಗೆ ನೆರಳಲ್ಲಿ 34 ಡಿಗ್ರಿ ಇದ್ದಾಗ, ಕಡು ಕಂದು ಬಾಗಿಲಿನ ಹೊರಮೈ 61 ಡಿಗ್ರಿ. ಪಕ್ಕದಲ್ಲೇ ಒಂದು ಅಂಗೈಯಗಲ ತಿಳಿ ಕೆನೆಬಣ್ಣ ಬಳಿದು ಮಾರನೇ ದಿನ ಅದೇ ಹೊತ್ತಿಗೆ ನೋಡಿದೆ. 47. ಬಣ್ಣ ಒಂದರಿಂದಲೇ 14 ಡಿಗ್ರಿ!

ಈ ಎರಡು ಸಂಖ್ಯೆ ಕೈಯಲ್ಲಿ ಇಲ್ಲದೆ ಅಂಗಡಿಗೆ ಹೋದರೆ ನಾವು ನೋಡುವುದು ಹಿಡಿಕೆಯನ್ನು, ಕೆತ್ತನೆಯನ್ನು. ಅಂಗಡಿಯೊಳಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಅಲ್ವಾ?

ಹಂತ 4: ತುಂಡುಗಳ ಪರೀಕ್ಷೆ (ಆರು ವಾರ)

ಕೇಳಿದರೆ ಹೆಚ್ಚಿನ ಕಡೆ ಕತ್ತರಿಸಿ ಉಳಿದ ತುಂಡು ಸುಮ್ನೆ ಕೊಡುತ್ತಾರೆ. ಒಂದಿಬ್ಬರು ಕೊಡಲಿಲ್ಲ. ಕತ್ತರಿಸಿದ ತುಂಡು ತೋರಿಸಲು ಒಪ್ಪದವರ ಬಾಗಿಲು ನನಗೆ ಬೇಡ ಅಂತ ಬಂದುಬಿಟ್ಟೆ. ಎಲ್ಲವನ್ನೂ ಸುಮಾರು 150ಕ್ಕೆ 100 ಮಿ.ಮೀ. ಗೆ ತಂದುಕೊಂಡೆ. ಅಡುಗೆಮನೆಯ ತಕ್ಕಡಿ, ಒಂದು ಬಕೆಟ್, ತಾರಸಿಯ ಬಿಸಿಲು. ಇಷ್ಟೇ ಪ್ರಯೋಗಶಾಲೆ.

ಫ್ಲಶ್ ಬಾಗಿಲು, ಎರಡು ತುಂಡು. ಕಣ್ಣಿಗೆ ಎರಡೂ ಒಂದೇ. ಒಂದರ ಅಂಟು ಬರೀ ತೇವ ತಡೆಯುವಂಥದ್ದು, ಇನ್ನೊಂದರದು ಕುದಿಯುವ ನೀರನ್ನೂ ತಡೆಯುವ ಫೀನಾಲ್ ಅಂಟು. ಎರಡನ್ನೂ ಹಳೇ ಪಾತ್ರೆಯಲ್ಲಿ ಹಾಕಿ ಒಲೆ ಹಚ್ಚಿದೆ. ಮೊದಲನೆಯದು ಒಂದು ಗಂಟೆಯೊಳಗೆ ಪುಸ್ತಕದ ಹಾಗೆ ಬಿಡಿಸಿಕೊಂಡಿತು. ಎರಡನೆಯದು ನಾಲ್ಕು ಗಂಟೆ ಕುದ್ದರೂ ಬಿಡಲಿಲ್ಲ, ಬರೀ ಕಪ್ಪಾಯಿತು. (ಪಾತ್ರೆಯೂ ಕಪ್ಪಾಯಿತು. ಮನೆಯಲ್ಲಿ ಅದರ ಬಗ್ಗೆ ಪ್ರತ್ಯೇಕ ಮಾತುಕತೆ ನಡೆಯಿತು.) ನನ್ನ ಹಳೇ ಬಾಗಿಲಿನ ತುಂಡನ್ನೂ ಹಾಕಿ ನೋಡಿದೆ. ಇಪ್ಪತ್ತೇ ನಿಮಿಷ. ಒಳಗಿನ ಕೋಣೆಗೆ ಹಾಕುವ ಬಾಗಿಲನ್ನು ಯಾರೋ ಹೊರಗೆ ಹಾಕಿಹೋಗಿದ್ದರು.

ಡಬ್ಲ್ಯುಪಿಸಿ, ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ. ಮೂರು ದಿನ ನೀರಲ್ಲಿಟ್ಟರೂ ತೂಕ ಏರಲಿಲ್ಲ ಅನ್ನಬಹುದು. ಗೆದ್ದಲಿಗೂ ರುಚಿಸುವುದಿಲ್ಲ. ನನಗೆ ಬಹಳ ಇಷ್ಟವಾಗಿತ್ತು, ಮುಂಗಡ ಕೊಡುವುದರಲ್ಲಿದ್ದೆ. ಯಾಕೋ ಅನುಮಾನ ಬಂದು 900 ಮಿ.ಮೀ. ಉದ್ದದ ಪಟ್ಟಿಯೊಂದನ್ನು ಎರಡು ಇಟ್ಟಿಗೆ ಮೇಲೆ ಅಡ್ಡ ಇಟ್ಟು, ನಡುವೆ ಎರಡು ಕಿಲೋ ತೂಕ ಇರಿಸಿ ತಾರಸಿಯಲ್ಲಿ ಬಿಟ್ಟೆ. ನಾಲ್ಕನೇ ದಿನಕ್ಕೆ ನಡು 5 ಮಿ.ಮೀ. ಇಳಿದಿತ್ತು. ತೂಕ ತೆಗೆದು ಒಂದು ರಾತ್ರಿ ಬಿಟ್ಟರೂ 3 ಮಿ.ಮೀ. ಹಾಗೇ ಉಳಿಯಿತು. ಬಿಸಿಯಲ್ಲಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಇನ್ನೊಂದು ತೊಂದರೆ ಸ್ಕ್ರೂ. ಮೊದಲ ಸಲ ಬಿಗಿಯಾಗಿ ಕೂರುತ್ತದೆ. ಬಿಚ್ಚಿ ಅದೇ ತೂತಿಗೆ ಮತ್ತೆ ಹಾಕಿದರೆ ಸುಮ್ನೆ ತಿರುಗುತ್ತದೆ. ಬಚ್ಚಲುಮನೆಗೆ ಇದಕ್ಕಿಂತ ಒಳ್ಳೇದು ಬೇಡ. ಪಶ್ಚಿಮದ ಬಿಸಿಲಿಗೆ ಬೇಡ.

ಯುಪಿವಿಸಿ, ಅಂದರೆ ಗಟ್ಟಿ ಪಿವಿಸಿ ಪ್ಲಾಸ್ಟಿಕ್. ಇದರದು ಲೆಕ್ಕದಲ್ಲೇ ಮುಗಿಯಿತು. ಒಂದು ಮೀಟರು ಉದ್ದಕ್ಕೆ, ಒಂದು ಡಿಗ್ರಿ ಏರಿದರೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಎರಡು ಮೀಟರು ಬಾಗಿಲು, 35 ಡಿಗ್ರಿ ಏರಿಳಿತ ಅಂದರೆ 5 ಮಿ.ಮೀ. ಹತ್ತಿರ. ಒಳಗೆ ಉಕ್ಕಿನ ಕೊಳವೆ ಇಟ್ಟು ಇದನ್ನು ಹಿಡಿತದಲ್ಲಿಡುತ್ತಾರೆ. ಆ ಕೊಳವೆ ನಿಜವಾಗಿ ಇದೆಯಾ ಅಂತ ಅಯಸ್ಕಾಂತ ಹಿಡಿದು ನೋಡಬೇಕು. ನಾನು ನೋಡಿದ ಎರಡರಲ್ಲಿ ಒಂದಕ್ಕೆ ಬೀಗದ ಕಡೆ ಅಯಸ್ಕಾಂತ ಅಂಟಲೇ ಇಲ್ಲ.

ಅಲ್ಯೂಮಿನಿಯಂ ಹಗುರ, ಕೊಳೆಯುವುದಿಲ್ಲ. ಆದರೆ ಹೊರಗಿನ ಬಿಸಿ ನೇರ ಒಳಗೆ. ಹೊರ ಪಟ್ಟಿಗೂ ಒಳ ಪಟ್ಟಿಗೂ ನಡುವೆ ಬಿಸಿ ತಡೆಯುವ ತುಂಡು ಇರುವಂಥದ್ದು ಸಿಕ್ಕರೆ ಮಾತ್ರ ಯೋಚಿಸಬಹುದು. ಗಾಜಿನ ಬಾಗಿಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೇಕು ಅನ್ನುವವರು ನಡುವೆ ಪದರ ಇರುವ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ. ಟಫನ್ಡ್ ಗಾಜು ಗಟ್ಟಿ, ಆದರೆ ಒಡೆದರೆ ಪೂರ್ತಿ ಉದುರಿ ಬಾಗಿಲಲ್ಲಿ ದೊಡ್ಡ ತೂತೇ ಉಳಿಯುತ್ತದೆ.

ಉಕ್ಕಿನ ಬಾಗಿಲು. ಇದರ ಮೇಲೆ ನನಗೆ ಬಹಳ ಆಸೆ ಇತ್ತು. ಎರಡು ಸತು ಲೇಪಿಸಿದ ತಗಡು, ನಡುವೆ ಗಟ್ಟಿಯಾದ ನೊರೆ (ಫೋಮ್). ತಗಡಿನ ದಪ್ಪ ಹೇಳುವಾಗ ಗೇಜ್ ಸಂಖ್ಯೆ ಹೇಳುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. ನಾನು ಮೊದಲು ಉಲ್ಟಾ ತಿಳಿದುಕೊಂಡು 24 ಅಂದರೆ ಭಾರಿ ಅಂತ ಬೀಗಿದ್ದೆ. 24 ಅಂದರೆ ಸುಮಾರು 0.6 ಮಿ.ಮೀ., ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. 20 ಅಂದರೆ ಸುಮಾರು 0.9, ಅದು ಪರವಾಗಿಲ್ಲ.

ಪಕ್ಕದ ಮನೆಯಲ್ಲಿ ಇಂಥದ್ದೇ ಉಕ್ಕಿನ ಬಾಗಿಲು ಇದೆ, ಕಡು ಬಣ್ಣದ್ದು. ಅವರು ಹೇಳಿದ ಮಾತು ಕೇಳಿ ನನಗೆ ಮೊದಲು ನಗು ಬಂತು. "ಮಧ್ಯಾಹ್ನ ಬೀಗ ಬೀಳಲ್ಲ ಕಣ್ರೀ, ರಾತ್ರಿ ಸರಾಗ ಬೀಳುತ್ತೆ." ಒಂದು ದಿನ ನಾಲ್ಕು ಗಂಟೆಗೆ ಹೋಗಿ ಉದ್ದನೆಯ ಅಳತೆಪಟ್ಟಿಯನ್ನು ಬಾಗಿಲಿಗೆ ನೆಟ್ಟಗೆ ಹಿಡಿದೆ. ನಡುಭಾಗ ಹೊರಕ್ಕೆ 4 ಮಿ.ಮೀ. ಉಬ್ಬಿತ್ತು. ರಾತ್ರಿ ಹಿಡಿದರೆ ಏನೂ ಇಲ್ಲ. ಹೊರಗಿನ ತಗಡು ಕಾದು ಹಿಗ್ಗುತ್ತದೆ, ಒಳಗಿನದು ತಣ್ಣಗಿರುತ್ತದೆ. ಎರಡೂ ನೊರೆಗೆ ಅಂಟಿಕೊಂಡಿರುವುದರಿಂದ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ. ತಿಳಿ ಬಣ್ಣ ಇದ್ದಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲವೇನೋ.

ತಗಡಿನ ತುಂಡಿಗೆ ಮನೆಯಲ್ಲಿ ಉಳಿದಿದ್ದ ಮಾಮೂಲಿ ಎಣ್ಣೆ ಬಣ್ಣ ನೇರವಾಗಿ ಬಳಿದಿಟ್ಟೆ. ಆರನೇ ವಾರಕ್ಕೆ ಉಗುರು ಹಾಕಿದರೆ ಬಣ್ಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದುಬಂತು. ಸತುವಿಗೂ ಬಣ್ಣದಲ್ಲಿರುವ ಎಣ್ಣೆಗೂ ಸೇರಿ ನಡುವೆ ಸಾಬೂನಿನಂಥ ಪದರ ಆಗುತ್ತದೆ, ಹಿಡಿತ ಹೋಗುತ್ತದೆ. ಸತುವಿಗೆಂದೇ ಇರುವ ಪ್ರೈಮರ್ ಮೊದಲು ಬಳಿಯಲೇಬೇಕು.

ಫೈಬರ್ ಗ್ಲಾಸ್, ಎಫ್‌ಆರ್‌ಪಿ ಅಂತಾರಲ್ಲ ಅದು. ನನ್ನ ಪರೀಕ್ಷೆಗಳಲ್ಲಿ ಎಲ್ಲದರಲ್ಲೂ ಪಾಸಾದದ್ದು ಇದೊಂದೇ. ಊದಲಿಲ್ಲ, ಬಾಗಲಿಲ್ಲ, ತುಕ್ಕಿನ ಮಾತೇ ಇಲ್ಲ. ಬಿಸಿಲಿಗೆ ಮೇಲ್ಮೈ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ, ಅದಕ್ಕೆ ಕೆಲವು ವರ್ಷಕ್ಕೊಮ್ಮೆ ಬಣ್ಣ ಬೇಕು. ನೋಡಬೇಕಾದದ್ದು ಬುಡ. ಚರ್ಮ ಫೈಬರ್ ಆದರೂ ಒಳಗಿನ ಸುತ್ತುಪಟ್ಟಿ ಎಷ್ಟೋ ಬಾಗಿಲಲ್ಲಿ ಮರದ್ದೇ. ಅದು ಬುಡದಲ್ಲಿ ಬತ್ತಲೆ ಇದ್ದರೆ ಮತ್ತೆ ನನ್ನ ಹಳೇ ಕಥೆಯೇ.

ಗಟ್ಟಿ ಮರ. ಇಲ್ಲಿ ಸಾಗುವಾನಿಯ ಲೆಕ್ಕ ಹೇಳುತ್ತೇನೆ. ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು, ಅಗಲಕ್ಕೆ ಮಾತ್ರ. ಹಲಗೆಯ ತೇವಾಂಶ 1 ಶೇಕಡಾ ಬದಲಾದರೆ ಅಗಲದಲ್ಲಿ ಸುಮಾರು 0.19 ಶೇಕಡಾ ಬದಲಾಗುತ್ತದೆ. ಮಳೆಗೂ ಬೇಸಿಗೆಗೂ 5 ಶೇಕಡಾ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಹಲಗೆಗಳನ್ನು ಪಕ್ಕ ಪಕ್ಕ ಅಂಟಿಸಿ 900 ಮಿ.ಮೀ. ಬಾಗಿಲು ಮಾಡಿದರೆ ಅದು ಸುಮಾರು ಎಂಟೂವರೆ ಮಿ.ಮೀ. ಆಡುತ್ತದೆ. ಅದೇ ಚೌಕಟ್ಟು ಕಟ್ಟಿ ನಡುವೆ ಹಲಗೆ ಕೂರಿಸುವ ಪ್ಯಾನೆಲ್ ಬಾಗಿಲಾದರೆ ಆಡುವುದು ಎರಡು ನಿಲುವು ಪಟ್ಟಿಗಳ ಅಗಲ ಮಾತ್ರ. 120 ರ ಎರಡು, ಒಟ್ಟು 240. ಆಟ 2 ಮಿ.ಮೀ. ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಡುವಿನ ಹಲಗೆ ತನ್ನ ತೋಡಿನೊಳಗೆ ತಾನು ಎಷ್ಟು ಬೇಕಾದರೂ ಆಡಿಕೊಳ್ಳಲಿ. ಪ್ಯಾನೆಲ್ ಬಾಗಿಲು ಅಲಂಕಾರಕ್ಕೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಹಂತ 5: ತೀರ್ಮಾನ, ಅದೂ ಸಜ್ಜಾ ನೋಡಿ

ಖರ್ಚು ಹೀಗೆ ಬಂತು. ಕುದಿನೀರು ತಡೆಯುವ ಫ್ಲಶ್ ಬಾಗಿಲನ್ನು 1 ಅಂತ ಇಟ್ಟುಕೊಂಡರೆ, ನನಗೆ ಸಿಕ್ಕ ದರಗಳಲ್ಲಿ ಉಕ್ಕು 1.7, ಫೈಬರ್ 2.2, ಸಾಗುವಾನಿ ಪ್ಯಾನೆಲ್ 3.5. ಬಡಗಿಯ ಜೊತೆ ನಾನೂ ಕೈಹಾಕಿದ್ದರಿಂದ ಅದು 2.8 ಕ್ಕೆ ಇಳಿಯಿತು.

ಈಗಿದ್ದ ಹಾಗೇ 450 ರ ಸಜ್ಜಾ ಇರುವುದಾದರೆ ನನ್ನ ಉತ್ತರ ತಿಳಿ ಬಣ್ಣದ ಫೈಬರ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಮರ ಬೇಕು ಅನ್ನುವ ಆಸೆ ಬಿಡಲಿಲ್ಲ. ಮರವಾದರೆ ನಾಳೆ ಕಚ್ಚಿದರೆ ನಾನೇ ಕೀಸಬಹುದು, ಬೀಗ ಬದಲಿಸಿದರೆ ಹಳೇ ತೂತು ಮುಚ್ಚಬಹುದು, ಬುಡ ಹೋದರೆ ಬುಡದ ಪಟ್ಟಿ ಒಂದನ್ನೇ ಬದಲಿಸಬಹುದು. ಆಗ ಬಡಗಿ ಮೇಸ್ತ್ರಿ ಬಂದು ಬಾಗಿಲು ನೋಡದೆ ಮೇಲೆ ನೋಡಿದರು. "ಸಾರ್, ಮರ ಹಾಕೋದಾದ್ರೆ ಮೊದ್ಲು ತಲೆ ಮೇಲೆ ಕೊಡೆ ಕೊಡಿ. ಆಮೇಲೆ ಮರದ ಮಾತು."

ಕಸುಬಿನವರ ಲೆಕ್ಕ ಸುಲಭ. ಬಾಗಿಲಿನ ಬುಡದಿಂದ ಸಜ್ಜಾದ ತಳಕ್ಕೆ ಎಷ್ಟು ಎತ್ತರವೋ ಅದರ ಅರ್ಧದಷ್ಟಾದರೂ ಸಜ್ಜಾ ಮುಂದೆ ಬರಬೇಕು. ನನ್ನದು 2300. ಹಾಗಾಗಿ 1150 ಬೇಕು. ಕಬ್ಬಿಣದ ಮೂರು ಬ್ರಾಕೆಟ್ ಹೊಡೆದು, ಮೇಲೆ ತಗಡು ಹಾಕಿ 1200 ಕ್ಕೆ ತಂದೆವು. ಒಂದೂವರೆ ದಿನದ ಕೆಲಸ, ಬಾಗಿಲಿನ ಖರ್ಚಿನ ಆರನೇ ಒಂದು ಪಾಲು. ಮುಂದಿನ ಮಳೆಗೆ ಸೀಮೆಸುಣ್ಣದ ಗೆರೆ ನೋಡಿದೆ. ತೊಳೆದದ್ದು 200 ರವರೆಗೆ ಮಾತ್ರ.

ಹಂತ 6: ಮರ ಒಣಗಿಸಿದ್ದು (ಏಳು ವಾರ)

ಮಾರಿದವರು ಒಣ ಮರ ಅಂದರು. ಎರಡು ಮುಳ್ಳಿನ ತೇವ ಅಳೆಯುವ ಮೀಟರ್ ಚುಚ್ಚಿದರೆ ತೇವಾಂಶ 19 ಶೇಕಡಾ. ಬಾಗಿಲಿಗೆ 12 ರ ಆಸುಪಾಸು ಬೇಕು. ಕೋಣೆಯಲ್ಲಿ ನಡುವೆ 20 ಮಿ.ಮೀ. ಪಟ್ಟಿ ಕೊಟ್ಟು ಅಟ್ಟಿ ಹಾಕಿ, ಕೊಯ್ದ ತುದಿಗಳಿಗೆ ಬಣ್ಣ ಹೊಡೆದು ಬಿಟ್ಟೆ.

ಐದನೇ ವಾರಕ್ಕೆ 12 ತೋರಿಸಿತು. ಖುಷಿಯಿಂದ ಒಂದು ನಿಲುವು ಪಟ್ಟಿ ಸೀಳಿದೆವು. ಒಂದು ವಾರಕ್ಕೆ ಅದು 6 ಮಿ.ಮೀ. ಬಾಗಿತು. ಏನಾಯಿತು ಅಂದರೆ, ನಾನು ಅಳೆದದ್ದು ಹಲಗೆಯ ತುದಿಯ ಹತ್ತಿರ, ಅದೂ ಮೇಲ್ಮೈಯಲ್ಲಿ. ತುದಿ ಬೇಗ ಒಣಗುತ್ತದೆ. ನಡುವೆ ಸೀಳಿದ ಹೊಸ ಮುಖಕ್ಕೆ ಚುಚ್ಚಿದರೆ 17! ಆ ಪಟ್ಟಿ ನಿಲುವಿಗೆ ಆಗಲಿಲ್ಲ, ತುಂಡು ಮಾಡಿ ಅಡ್ಡಪಟ್ಟಿಗಳಿಗೆ ಹೊಂದಿಸಿದೆವು. ಇನ್ನೊಂದು ಹಲಗೆ ಕೊಳ್ಳಬೇಕಾಯಿತು. ಮತ್ತೆ ಎರಡು ವಾರ ಕಾದೆ.

ಹಂತ 7: ಕಟ್ಟಿದ್ದು (ಮೂರು ವಾರದ ಕೆಲಸ, ನಡುವೆ ಕಾದದ್ದು ಬೇರೆ)

ಚೌಕಟ್ಟು ಹಳೇದೇ, ಚುಚ್ಚಿ ನೋಡಿದರೆ ಗಟ್ಟಿ ಇತ್ತು. ಅಗಲವನ್ನು ಮೂರು ಕಡೆ ಅಳೆದೆ. ಮೇಲೆ 966, ನಡುವೆ 964, ಕೆಳಗೆ 961. ಕರ್ಣಗಳಲ್ಲಿ 7 ಮಿ.ಮೀ. ವ್ಯತ್ಯಾಸ. ಒಂದೇ ಕಡೆ ಅಳೆದು ಬಾಗಿಲು ಹೇಳಿ ಮಾಡಿಸುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ದಪ್ಪ 42. ನಿಲುವು 120. ಅಡ್ಡಪಟ್ಟಿ ಮೇಲೆ 120, ಬೀಗದ ಹತ್ತಿರ 180, ಬುಡದಲ್ಲಿ 220. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೊರೆದು ನಿಲುವಿನ ಗೂಡಿಗೆ ಕೂರಿಸುವ ಜೋಡಣೆ. ನಾಲಿಗೆಯ ದಪ್ಪ 14, ಅಂದರೆ ಪಟ್ಟಿಯ ಮೂರನೇ ಒಂದು ಪಾಲು. ಉದ್ದ 70. ನಡುವಿನ ಹಲಗೆ 18 ಮಿ.ಮೀ., ತೋಡಿನ ಆಳ 12, ಪ್ರತಿ ಪಕ್ಕ 3 ಮಿ.ಮೀ. ಖಾಲಿ. ಹಲಗೆಗೆ ಅಂಟು ಹಾಕಲೇಬಾರದು.

ಬೀಗ ಎಲ್ಲಿ ಅಂತ ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೆ, ಸರಿಯಾಗಿ ನಡು ಅಡ್ಡಪಟ್ಟಿಯ ಎದುರಿಗೆ. ಮೇಸ್ತ್ರಿ ಉಳಿ ಕೆಳಗಿಟ್ಟರು. ಅಲ್ಲಿ ಬೀಗದ ಗೂಡು ತೋಡಿದರೆ ನಾಲಿಗೆಯೇ ಕತ್ತರಿಸಿಹೋಗುತ್ತದೆ, ಬಾಗಿಲಿನ ಜೀವ ಇರುವ ಜೋಡಣೆ ಅದು. ಬೀಗವನ್ನು 150 ಮಿ.ಮೀ. ಮೇಲಕ್ಕೆ ಸರಿಸಿದೆವು.

ಸಾಗುವಾನಿಯಲ್ಲಿ ಎಣ್ಣೆ ಇರುತ್ತದೆ. ಪ್ರೈಮರ್ ಬಳಿಯುವ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಂದಾಗುತ್ತದೆ. ಬಟ್ಟೆಯಲ್ಲಿ ಕಂದು ನಿಲ್ಲುವವರೆಗೆ ಒರೆಸಿ, ಆರಿದ ತಕ್ಷಣ ಬಳಿಯಬೇಕು.

ಹೌದು, ಸಾಗುವಾನಿಗೆ ಬಣ್ಣ ಬಳಿದೆ. ನೋಡಿದವರೆಲ್ಲ ಅಪಚಾರ ಆದ ಹಾಗೆ ಮುಖ ಮಾಡಿದರು. ಪಾರದರ್ಶಕ ಪಾಲಿಶ್‌ನಲ್ಲಿ ಬಿಸಿಲು ತೂರಿಹೋಗಿ ಅದರಡಿಯ ಮರವನ್ನೇ ಸುಡುತ್ತದೆ, ಪಾಲಿಶ್ ಹೊಪ್ಪಳೆ ಏಳುತ್ತದೆ. ಬಣ್ಣ ಬಿಸಿಲನ್ನು ಮೇಲೆಯೇ ತಡೆಯುತ್ತದೆ. ಹೊರಗೆ ತಿಳಿ ಕೆನೆ, ಒಳಗೆ ಮರ ಕಾಣುವ ಹಾಗೆ ಎಣ್ಣೆ ಪಾಲಿಶ್. ಎರಡೂ ಕಡೆಯವರಿಗೆ ಸಮಾಧಾನ ಅಂದುಕೊಂಡೆ.

ಇದರಲ್ಲಿ ಎರಡು ತಪ್ಪು. ಒಂದು, ನಾಲ್ಕು ಹಲಗೆಗಳಲ್ಲಿ ಮೂರನ್ನು ಕೂರಿಸುವ ಮೊದಲೇ ಪೂರ್ತಿ ಬಳಿದಿದ್ದೆ, ನಾಲ್ಕನೆಯದು ಅವಸರದಲ್ಲಿ ಮರೆತುಹೋಯಿತು. ಈಗ ಅದು ಸ್ವಲ್ಪ ಕುಗ್ಗಿ, ತೋಡಿನ ಪಕ್ಕ ಒಂದೂವರೆ ಮಿ.ಮೀ. ಕಂದು ಗೆರೆ ಕಾಣುತ್ತದೆ. ಬೇರೆಯವರಿಗೆ ಕಾಣದು, ನನಗೆ ದಿನಾ ಕಾಣುತ್ತದೆ. ಎರಡನೆಯದು ದೊಡ್ಡದು. ಹೊರಗೆ ಮೂರು ಕೋಟು ಬಣ್ಣ, ಒಳಗೆ ಬರೀ ಎಣ್ಣೆ. ಹೊರಮುಖಕ್ಕೆ ತೇವ ಹೋಗುವುದು ಬರುವುದು ನಿಧಾನ, ಒಳಮುಖಕ್ಕೆ ಬೇಗ. ಹತ್ತೇ ದಿನಕ್ಕೆ ಬೀಗದ ಕಡೆಯ ಕೆಳಮೂಲೆ 3 ಮಿ.ಮೀ. ಎದ್ದಿತು. ಒಳಗೂ ಮೂರು ಕೋಟು ಪಾಲಿಯುರೆಥೇನ್ ಪಾಲಿಶ್ ಕೊಟ್ಟ ಮೇಲೆ ಮೂರು ವಾರದಲ್ಲಿ 1 ಕ್ಕೆ ಇಳಿಯಿತು. ಎರಡೂ ಮುಖಕ್ಕೆ ಒಂದೇ ತೂಕದ ರಕ್ಷಣೆ ಕೊಡಿ, ಬಣ್ಣ ಬೇರೆ ಇದ್ದರೂ ಪರವಾಗಿಲ್ಲ.

ಹಂತ 8: ತೂಗುಹಾಕಿದ್ದು

ಬೀಗ ಸೇರಿ ತೂಕ 41 ಕಿಲೋ. 125 ಮಿ.ಮೀ. ನ ನಾಲ್ಕು ಸ್ಟೀಲ್ ಹಿಂಜ್. ಎಳೆತ ಎಲ್ಲ ಮೇಲಿನ ಹಿಂಜಿಗೆ ಬೀಳುವುದರಿಂದ ಎರಡನೆಯದನ್ನು ನಡುವಿಗೆ ಹಾಕದೆ ಮೇಲಿನದರಿಂದ 250 ಮಿ.ಮೀ. ಕೆಳಗೆ ಹಾಕಿದೆವು. ಪ್ರತಿ ಹಿಂಜಿನ ಒಂದು ಸ್ಕ್ರೂ ತೆಗೆದು 75 ಮಿ.ಮೀ. ನದು ಕೊಟ್ಟು ಚೌಕಟ್ಟು ದಾಟಿ ಗೋಡೆಗೆ ಬಿಗಿದೆ. ಬೀಗದ ನಾಲಿಗೆ ಕೂರುವ ತಟ್ಟೆಗೂ ಅಷ್ಟೇ ಉದ್ದದ್ದು. ಅದರ ಜೊತೆ ಬಂದದ್ದು 20 ಮಿ.ಮೀ. ನ ಸ್ಕ್ರೂ. ಎಂಥಾ ಗಟ್ಟಿ ಬಾಗಿಲಾದರೂ ಒಂದು ಒದೆತಕ್ಕೆ ಮೊದಲು ಕಿತ್ತುಬರುವುದು ಆ ತಟ್ಟೆ.

ಹಿಡಿಕೆಗೆ ಹಿತ್ತಾಳೆ ಸ್ಕ್ರೂ. ನೇರ ತಿರುಗಿಸಿ ಎರಡರ ತಲೆ ಮುರಿದೆ. ಆಮೇಲೆ ಅದೇ ಅಳತೆಯ ಉಕ್ಕಿನ ಸ್ಕ್ರೂವಿಗೆ ಮೇಣ ಹಚ್ಚಿ ದಾರಿ ಮಾಡಿಕೊಂಡು, ತೆಗೆದು, ಹಿತ್ತಾಳೆಯದು ಹಾಕಿದೆ. ಬೆಣ್ಣೆಗೆ ಹೋದ ಹಾಗೆ ಹೋಯಿತು.

ಪಕ್ಕಕ್ಕೆ 3, ಮೇಲೆ 3, ಕೆಳಗೆ 8 ಮಿ.ಮೀ. ಸಂದಿ. ಮುಚ್ಚಿದಾಗ ಎಲ್ಲ ಸರಿ. ಅರ್ಧ ತೆರೆದಾಗ ಕರ್ ಅಂತ ಸದ್ದು. ಒಳಗಿನ ನೆಲ ಗೋಡೆಯ ಕಡೆಗೆ 10 ಮಿ.ಮೀ. ಏರಿದೆ. ಬಾಗಿಲು ತಿರುಗುವ ದಾರಿಯುದ್ದಕ್ಕೂ ರಸಮಟ್ಟ ಇಟ್ಟು ನೋಡುವುದು ಬಿಟ್ಟು ನಾನು ಹೊಸ್ತಿಲ ಹತ್ತಿರ ಮಾತ್ರ ನೋಡಿದ್ದೆ. ಕಳಚಿ ಬುಡದಿಂದ 4 ಮಿ.ಮೀ. ತೆಗೆದೆವು. ಸಂಜೆಯಾಗಿತ್ತು, ಕೈ ಸೋತಿತ್ತು, ಮತ್ತೆ ಏರಿಸಿದೆವು. ಬೆರಳಲ್ಲಿ ತಳ್ಳಿದರೆ ತೆರೆಯಿತು. ಮೇಸ್ತ್ರಿ ಹೊರಟುಹೋದರು.

ಮಗಳು ನೆಲದ ಮೇಲೆ ಕೂತು ನನ್ನ ಮೊಬೈಲನ್ನು ಬಾಗಿಲಿನ ಕೆಳಗೆ ತೂರಿಸಿ ಫೋಟೋ ತೆಗೆಯುತ್ತಿದ್ದಳು. ನಾನು ಹಿಂದೆ ಮಾಡಿದ್ದನ್ನು ನೋಡಿದ್ದಳಲ್ಲ, ಅವಳಿಗೆ ಅದೊಂದು ಆಟ. "ಅಪ್ಪಾ, ಇಲ್ಲಿ ಬಣ್ಣಾನೇ ಇಲ್ಲ." ನೋಡಿದರೆ ಹೊಸದಾಗಿ ಕೊಯ್ದ ಮರ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ಮೂರು ಕೋಟು ಬಳಿದಿದ್ದ ಬುಡವನ್ನು ನಾವೇ ಆ 4 ಮಿ.ಮೀ. ಜೊತೆ ಕತ್ತರಿಸಿ ಎಸೆದಿದ್ದೆವು.

ಭಾನುವಾರ ಬೆಳಗ್ಗೆ ಮತ್ತೆ ಕಳಚಿದೆ. ಬುಡ ಮೇಲೆ ಮಾಡಿ ಮಲಗಿಸಿ, 120 ರ ಉಪ್ಪುಕಾಗದದಲ್ಲಿ ಉಜ್ಜಿ, ತೆಳು ಎಪಾಕ್ಸಿ ಹಚ್ಚಿದೆ. ನಿಲುವುಗಳ ಕೊಯ್ದ ತುದಿ ಮೊದಲ ಕೋಟನ್ನು ಕಣ್ಣೆದುರೇ ಕುಡಿದು ಮತ್ತೆ ಒಣಗಿ ನಿಂತಿತು. ಎರಡನೆಯದು ಕುಡಿಯಿತು. ಮೂರನೆಯದು ಮೇಲೆ ನಿಂತು ಹೊಳೆಯಿತು. ಸಂಜೆಗೆ ಬಣ್ಣ, ನಂತರ ಹೊರಗಡೆ ಬುಡಕ್ಕೆ ನೀರು ಹೊರಕ್ಕೆ ಚೆಲ್ಲುವ ಅಲ್ಯೂಮಿನಿಯಂ ಪಟ್ಟಿ.

ಮೊನ್ನೆ ಜೋರು ಮಳೆ ಬಂತು. ಒಳಗೆ ಎಡಮೂಲೆಯಲ್ಲಿ ಎರಡು ಹನಿ ನೀರು. ಪಟ್ಟಿಯ ಎಡತುದಿ ಚೌಕಟ್ಟಿಗಿಂತ 5 ಮಿ.ಮೀ. ಗಿಡ್ಡ ಬಿದ್ದಿದೆ. ಹೊಸ ಪಟ್ಟಿ ತಂದಿಟ್ಟಿದ್ದೇನೆ. ಈ ಸಲ ಮೂರು ಕಡೆ ಅಳೆದು ಕತ್ತರಿಸುತ್ತೇನೆ.